ಗುರುವೂ ಕಲಿಯಬೇಕಾದಾಗ

ಶಾಲೆಯ ತರಗತಿಯಲ್ಲಿ ಹೊಸದಾಗಿ ಅಳವಡಿಸಿದ ಡಿಜಿಟಲ್ ಪರದೆಯನ್ನು ಕಂಡು ಹೆತ್ತವರು ಸಂತೋಷಪಡುವುದು ಸಹಜ. ಕಂಪ್ಯೂಟರುಗಳೆಷ್ಟಿವೆ, ಅಂತರ್ಜಾಲ ಸಂಪರ್ಕವಿದೆಯೇ ಎಂದು ಮಗುವನ್ನು ಸೇರಿಸುವ ದಿನವೇ ನೀವು ವಿಚಾರಿಸುತ್ತೀರಿ. ಆದರೆ ಆ ಪರದೆಯ ಮುಂದೆ ನಿಲ್ಲಬೇಕಾದ ಶಿಕ್ಷಕಿಗೆ ಅದರ ಬಳಕೆಯನ್ನು ಕಲಿಸಿದವರು ಯಾರು, ಎಷ್ಟು ದಿನ ಕಲಿಸಿದರು ಎಂದು ಕೇಳುವವರು ವಿರಳ. ಇದು ನಮ್ಮ ಕಾಲದಲ್ಲಿ ಹುಟ್ಟಿದ ಪ್ರಶ್ನೆಯೇನೂ ಅಲ್ಲ. ಇನ್ನೂರು ವರ್ಷಗಳಿಗೂ ಹಿಂದೆ, ಮದರಾಸಿನಲ್ಲಿ, ಒಂದು ಹಿಡಿ ಮರಳಿನ ನಿಮಿತ್ತವಾಗಿ ಇದೇ ಪ್ರಶ್ನೆ ಎದ್ದಿತ್ತು.

ಈಸ್ಟ್ ಇಂಡಿಯಾ ಕಂಪನಿಯ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಮದರಾಸಿನ ಎಗ್ಮೋರಿನಲ್ಲಿ ಒಂದು ಆಶ್ರಮವಿತ್ತು. 1789ರಲ್ಲಿ ಅದರ ಮೇಲ್ವಿಚಾರಣೆಯನ್ನು ವಹಿಸಿಕೊಂಡವರು ಆಂಗ್ಲಿಕನ್ ಸಭೆಯ ಗುರು, ಸ್ಕಾಟ್ಲೆಂಡಿನ ಆಂಡ್ರೂ ಬೆಲ್. ಆ ಕೆಲಸಕ್ಕೆ ಅವರು ಸಂಬಳವನ್ನು ಸ್ವೀಕರಿಸಲಿಲ್ಲ. ಒಂದು ಮುಂಜಾನೆ ಕುದುರೆಯ ಮೇಲೆ ಹೋಗುತ್ತಿದ್ದಾಗ ದಾರಿಯ ಪಕ್ಕದ ಶಾಲೆಯೊಂದು ಅವರ ಕಣ್ಣಿಗೆ ಬಿತ್ತು. ಮಕ್ಕಳು ನೆಲದ ಮೇಲೆ ಕುಳಿತು, ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ನಮ್ಮ ಕೂಲಿಮಠಗಳಲ್ಲಿಯೂ ಅಕ್ಷರಾಭ್ಯಾಸ ಆರಂಭವಾಗುತ್ತಿದ್ದುದು ಹೀಗೆಯೇ. ಊರಿನ ಐಗಳಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಬೆಲ್ ಅವರಿಗೆ ಮಾತ್ರ ಅದು ದೊಡ್ಡ ಬೆಳಕಾಗಿ ಕಂಡಿತು. ಕಾಗದದ ಖರ್ಚಿಲ್ಲ. ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ಬರೆಯಬಹುದು. ಅಕ್ಷರವನ್ನು ನೋಡುವುದೂ ಹೇಳುವುದೂ ಬರೆಯುವುದೂ ಏಕಕಾಲಕ್ಕೆ ನಡೆಯುತ್ತದೆ.

ತಮ್ಮ ಆಶ್ರಮದ ಚಿಕ್ಕ ತರಗತಿಯಲ್ಲಿಯೂ ಮರಳನ್ನು ಬಳಸಬೇಕೆಂದು ಅವರು ಉಪಾಧ್ಯಾಯನಿಗೆ ಅಪ್ಪಣೆ ಮಾಡಿದರು. ಇದು ಆಗದ ಮಾತು ಎಂದುಬಿಟ್ಟನು ಆತ. ಅವನನ್ನು ಸೋಮಾರಿಯೆಂದು ಜರೆಯುವುದು ಸುಲಭ. ಆದರೆ ತನಗೆ ಚೆನ್ನಾಗಿ ಒಲಿದಿರುವ ವಿಧಾನವೊಂದನ್ನು ಬಿಟ್ಟು, ನಾಲ್ಕು ಜನರ ಎದುರು ಅರೆಬರೆ ಬಲ್ಲವನಂತೆ ನಿಲ್ಲಬೇಕಾಗಿ ಬಂದಾಗ ಯಾವ ಉಪಾಧ್ಯಾಯನಿಗೆ ಅಳುಕಾಗುವುದಿಲ್ಲ? ಬೆಲ್ ಅಷ್ಟು ತಾಳ್ಮೆ ತೋರಲಿಲ್ಲ. ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಆ ತರಗತಿಯನ್ನು ಅವನ ಕೈಗೆ ಕೊಟ್ಟರು. ಹಿರಿಯನಿಗೆ ಆಗದೆಂದು ತೋರಿದ ಕೆಲಸವನ್ನು ಹುಡುಗ ಮಾಡಿ ತೋರಿಸಿದ. ಬಲ್ಲ ಮಗು ಬಾರದ ಮಗುವಿಗೆ ಕಲಿಸುವ ಈ ಕ್ರಮವನ್ನು ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಜೋಸೆಫ್ ಲ್ಯಾಂಕಾಸ್ಟರ್ ಎಂಬವರೂ ಅಂತಹುದೇ ಕ್ರಮವನ್ನು ರೂಪಿಸಿದರು. ‘ಮದರಾಸು ಪದ್ಧತಿ’ ಎಂಬ ಹೆಸರು ಹೊತ್ತು ನಮ್ಮ ಜಗಲಿಶಾಲೆಯ ಮರಳು ಇಂಗ್ಲೆಂಡಿನ ಬಡಮಕ್ಕಳ ಬೆರಳಿಗೂ ತಗುಲಿತು.

ಈ ಕತೆಯನ್ನು ಹುಡುಗನ ಜಾಣ್ಮೆಯ ಕತೆಯಾಗಿ ಮಾತ್ರ ಓದಬೇಡಿ. ಅದಕ್ಕೆ ಇನ್ನೊಂದು ಮಗ್ಗುಲಿದೆ. ನೂರಾರು ಮಕ್ಕಳಿಗೆ ಒಬ್ಬನೇ ಉಪಾಧ್ಯಾಯ ಸಾಕೆಂಬ ಕಾರಣಕ್ಕಾಗಿಯೇ ಇಂಗ್ಲೆಂಡಿನ ಅನೇಕರು ಆ ಪದ್ಧತಿಯನ್ನು ಮೆಚ್ಚಿದರು, ಸಂಬಳ ಉಳಿಯಿತಲ್ಲ! ಹೊಸ ಸಾಧನ ಬಂದಾಗ ಅದನ್ನು ಗುರುವಿಗೆ ಕಲಿಸಿಕೊಡಬೇಕೇ, ಗುರುವನ್ನೇ ಬದಿಗೆ ಸರಿಸಬೇಕೇ ಎಂಬ ಕವಲುದಾರಿ ಅಂದೇ ತೆರೆದಿತ್ತು.

ಈಗ ಸುಮಾರು 180 ವರ್ಷಗಳನ್ನು ದಾಟಿ ನಮ್ಮ ಉತ್ತರ ಕರ್ನಾಟಕಕ್ಕೆ ಬನ್ನಿ. 1975ರ ಆಗಸ್ಟ್ 1ರಂದು ಭಾರತವು ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸುವ ಪ್ರಯೋಗವನ್ನು ಆರಂಭಿಸಿತು. ‘ಸೈಟ್’ ಎಂಬ ಹೆಸರಿನ ಈ ಪ್ರಯೋಗಕ್ಕಾಗಿ ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಒದಗಿಸಿತ್ತು. ವಿಕ್ರಮ್ ಸಾರಾಭಾಯಿ ಕಂಡ ಕನಸು ಅದು. ಅದು ಕೈಗೂಡುವ ಮೊದಲೇ, 1971ರಲ್ಲಿ, ಅವರು ತೀರಿಕೊಂಡಿದ್ದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಕೊಡೆಯಂತಹ ಆಂಟೆನಾ ಹಳ್ಳಿಯಲ್ಲಿ ತಲೆಯೆತ್ತಿತು. ಶಾಲೆಯ ದಿನಗಳಂದು ಬೆಳಿಗ್ಗೆ ಕನ್ನಡದ ಮಕ್ಕಳಿಗೆಂದು ಇಪ್ಪತ್ತೆರಡೂವರೆ ನಿಮಿಷಗಳ ಕಾರ್ಯಕ್ರಮ ಬರುತ್ತಿತ್ತು; ಸಂಜೆ ಊರವರೆಲ್ಲರಿಗೆ.

ಆ ಪೆಟ್ಟಿಗೆಯೊಳಗಿನ ಮಾತುಗಾರ ಎಷ್ಟೇ ಬಲ್ಲವನಾದರೂ ಹಿಂದಿನ ಸಾಲಿನ ಮಗುವಿಗೆ ಅರ್ಥವಾಗಿಲ್ಲವೆಂಬುದು ಅವನಿಗೆ ತಿಳಿಯುವಂತಿರಲಿಲ್ಲ. ಮಗು ಕೈಯೆತ್ತಿದರೆ ಉತ್ತರ ಹೇಳಬೇಕಾದವರು ಪಕ್ಕದಲ್ಲಿ ನಿಂತ ಮೇಷ್ಟ್ರು. ಅವರಲ್ಲಿಯೂ ಎಷ್ಟೋ ಮಂದಿಗೆ ವಿಜ್ಞಾನವನ್ನು ಪ್ರಯೋಗ ಮಾಡಿ ಕಲಿಸಿ ಅಭ್ಯಾಸವಿರಲಿಲ್ಲ. ಇದನ್ನು ಮನಗಂಡವರು ಆ ಯೋಜನೆಯಲ್ಲಿ ಇದ್ದರೆಂಬುದೇ ನಮ್ಮ ಪುಣ್ಯ. ಅದೇ ಉಪಗ್ರಹವನ್ನು ಶಿಕ್ಷಕರಿಗೆ ಪಾಠ ಹೇಳುವುದಕ್ಕೂ ಬಳಸಲಾಯಿತು. 1975ರ ಅಕ್ಟೋಬರಿನಲ್ಲಿ ಹನ್ನೆರಡು ದಿನಗಳ ತರಬೇತಿ. ಮರುವರ್ಷ ಇನ್ನೊಂದು ಸುತ್ತು. ಪ್ರತಿ ಸುತ್ತಿನಲ್ಲಿಯೂ ಸುಮಾರು 24,000 ಪ್ರಾಥಮಿಕ ಶಾಲಾ ಶಿಕ್ಷಕರು. ದೂರದರ್ಶನವೊಂದನ್ನೇ ನಂಬಿ ಕೂರಲಿಲ್ಲ. ಜೊತೆಗೆ ರೇಡಿಯೋ ಇತ್ತು, ಅಚ್ಚು ಹಾಕಿದ ಕೈಪಿಡಿ ಇತ್ತು, ಸುತ್ತಮುತ್ತ ಸಿಗುವ ವಸ್ತುಗಳಿಂದಲೇ ಮಾಡಬಹುದಾದ ಪ್ರಯೋಗಗಳಿದ್ದವು, ಸಂದೇಹ ಕೇಳಲು ಎದುರಿಗೇ ಒಬ್ಬ ಮಾರ್ಗದರ್ಶಕ ಶಿಕ್ಷಕರಿದ್ದರು. ಬದುಕಿನ ಅರ್ಧಭಾಗವನ್ನು ಕರಿಹಲಗೆಯ ಮುಂದೆ ಕಳೆದವರು ವಿದ್ಯಾರ್ಥಿಗಳಂತೆ ಕುಳಿತು ಕಲಿತರು. 1976ರ ಜುಲೈ 31ರಂದು ಪ್ರಸಾರ ನಿಂತಿತು. ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ಸರಿಸಿಕೊಂಡರು. ಮೇಷ್ಟ್ರುಗಳ ಕೈಗೆ ಬಂದಿದ್ದ ಪ್ರಯೋಗಗಳನ್ನು ಯಾರೂ ಹಿಂದಕ್ಕೆ ಪಡೆಯುವಂತಿರಲಿಲ್ಲ.

ಇಂತಹ ಅನುಭವವಿದ್ದ ರಾಜ್ಯ ಮುಂದೆ ಕಂಪ್ಯೂಟರನ್ನು ಬರಮಾಡಿಕೊಂಡ ರೀತಿ ನನಗೆ ಇಂದಿಗೂ ಒಗಟೇ. 2001ರ ಸುಮಾರಿಗೆ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆಯಲ್ಲಿ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. ಉದ್ದೇಶ ಒಳ್ಳೆಯದೇ. ಆದರೆ ಕಲಿಸುವ ಹೊಣೆಯನ್ನು ಗುತ್ತಿಗೆಯ ಮೇಲೆ ಖಾಸಗಿ ಸಂಸ್ಥೆಗಳ ಬೋಧಕರಿಗೆ ವಹಿಸಲಾಯಿತು. ಗಣಿತದ ಮೇಷ್ಟ್ರು ಗಣಿತದ ಕೋಣೆಯಲ್ಲಿಯೇ ಉಳಿದರು. ಕಂಪ್ಯೂಟರಿನ ಕೋಣೆ ಬೇರೆಯವರದಾಯಿತು. ಗುತ್ತಿಗೆ ಮುಗಿದು ಬೋಧಕರು ಹೊರಟುಹೋದ ಮೇಲೆ ಅನೇಕ ಕಡೆ ಆ ಕೋಣೆಗಳಿಗೆ ಬೀಗ ಬಿತ್ತು. ಅದೇ ಕಾಲದಲ್ಲಿ ನೆರೆಯ ಕೇರಳವು ತನ್ನ ಶಾಲೆಗಳ ಶಿಕ್ಷಕರನ್ನೇ ತರಬೇತಿದಾರರನ್ನಾಗಿ ಸಿದ್ಧಪಡಿಸುವ ದಾರಿ ಹಿಡಿದಿತ್ತು. ಹೋಲಿಸುವುದು ಕೆಲವರಿಗೆ ಹಿಡಿಸದಿರಬಹುದು. ಆದರೂ ಹೇಳದೆ ವಿಧಿಯಿಲ್ಲ.

ನಮ್ಮಲ್ಲಿಯೂ ಗಾಳಿ ತಿರುಗಿತು. 2011ರಿಂದೀಚೆಗೆ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೇ ಕಂಪ್ಯೂಟರ್ ಕಲಿಸುವ ಕಾರ್ಯ ನಡೆಯಿತು. ಕನ್ನಡದಲ್ಲಿ ಬೆರಳಚ್ಚು ಮಾಡುವುದರಿಂದ ಹಿಡಿದು, ‘ಜಿಯೋಜೀಬ್ರಾ’ ಎಂಬ ಉಚಿತ ತಂತ್ರಾಂಶದಲ್ಲಿ ತ್ರಿಭುಜವೊಂದನ್ನು ಎಳೆದು ಹಿಗ್ಗಿಸಿ ತೋರಿಸುವವರೆಗೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದವರು, ಆಕೃತಿ ಹೇಗೆ ಬದಲಾದರೂ ಆ ಮೊತ್ತ ಬದಲಾಗದಿರುವುದನ್ನು ಮಕ್ಕಳ ಕಣ್ಣಿಗೇ ಕಾಣಿಸುವಂತಾಯಿತು. 2013ರಲ್ಲಿ ಕನ್ನಡದ ಪಾಠ ಸಾಮಗ್ರಿಗಳ ಮುಕ್ತ ಭಂಡಾರವೊಂದು ಅಂತರ್ಜಾಲದಲ್ಲಿ ತೆರೆಯಿತು. ಅದಕ್ಕೆ ಬರೆದವರಲ್ಲಿ ಶಿಕ್ಷಕರೇ ಇದ್ದರು.

2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಎಲ್ಲರೂ ಒಮ್ಮೆಗೇ ಪರದೆಯ ಮುಂದೆ ನಿಲ್ಲಬೇಕಾಯಿತು. ನಿವೃತ್ತಿಯ ಅಂಚಿನಲ್ಲಿದ್ದವರು ತಮ್ಮ ಮಕ್ಕಳಿಂದಲೋ ಮೊಮ್ಮಕ್ಕಳಿಂದಲೋ ಮೊಬೈಲಿನಲ್ಲಿ ಪಾಠ ಮಾಡುವುದನ್ನು ಕಲಿತುಕೊಂಡರು. ನಿಮ್ಮ ಮನೆಯಲ್ಲಿಯೂ ಅಂತಹ ಪುಟ್ಟ ಫ್ರಿಸ್ಕೆನ್ ಒಬ್ಬನು ಇದ್ದಿರಬಹುದು. ಆದರೆ ಸ್ಮಾರ್ಟ್‌ಫೋನ್ ಇಲ್ಲದ ಮನೆಗಳು ಬಹಳವಿದ್ದವು. ಒಂದೇ ಫೋನಿದ್ದ ಮನೆಯಲ್ಲಿ ತಂದೆ ಅದನ್ನು ಕೆಲಸಕ್ಕೆ ಒಯ್ದರೆ ಮಗಳಿಗೆ ಪಾಠವಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ‘ವಿದ್ಯಾಗಮ’ವನ್ನು ಆರಂಭಿಸಿತು. ಸರ್ಕಾರಿ ಶಾಲೆಗಳ ಶಿಕ್ಷಕರು ಮಕ್ಕಳಿರುವ ಬೀದಿಗಳಿಗೇ ಹೋದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿ, 2021ರ ಜನವರಿಯಲ್ಲಿ ಮತ್ತೆ ಆರಂಭಿಸಲಾಯಿತು. ಗುಡಿಯ ಕಟ್ಟೆ, ಮರದ ನೆರಳು, ಯಾರದೋ ಮನೆಯ ಜಗಲಿ—ಎಲ್ಲಿ ಜಾಗವಿತ್ತೋ ಅಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ, ಮುಖಗವಸು ತೊಟ್ಟು, ಫೋನಿದ್ದವರಿಗೆ ಫೋನಿನಲ್ಲಿಯೂ ಇಲ್ಲದವರಿಗೆ ಕೈಹಲಗೆಯ ಮೇಲೂ ಅವರು ಪಾಠ ಮಾಡಿದರು.