ಪಕ್ಷಿ ಅಧ್ಯಯನ: ದಕ್ಷಿಣ ಕನ್ನಡದ ಘಟ್ಟದ ಬುಡದಲ್ಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡಲಿಗೂ ಘಟ್ಟಕ್ಕೂ ನಡುವಿನ ಸೀಮೆ. ಬೆಳ್ತಂಗಡಿಯ ಮೂಡಣ ಅಂಚಿನಲ್ಲಿ ಕುದುರೆಮುಖದ ಸಾಲು ಸುಮಾರು 1,890 ಮೀಟರ್ ಎತ್ತರಕ್ಕೆ ಏಳುತ್ತದೆ. ಅಲ್ಲಿ ಹುಟ್ಟುವ ನೇತ್ರಾವತಿ ಬಂಟ್ವಾಳಕ್ಕೆ ಬರುವಾಗ ಬಯಲಿನ ಹೊಳೆಯಾಗಿರುತ್ತದೆ. ಶಿಖರದ ಹುಲ್ಲು, ಕಣಿವೆಯ ಶೋಲೆ ಎಂಬ ಗಿಡ್ಡ ಕಾಡು, ಇಳಿಜಾರಿನ ನಿತ್ಯಹರಿದ್ವರ್ಣ ಕಾಡು, ಅಡಿಕೆ ತೋಟ, ಬೈಲುಗದ್ದೆ, ಮುರಕಲ್ಲಿನ ಪದವು, ಊರ ನಾಗಬನ ಎಲ್ಲವೂ ಒಂದು ಹಗಲಿನಲ್ಲಿ ದಾಟಬಹುದಾದಷ್ಟು ಹತ್ತಿರ. ಇಷ್ಟು ಇಕ್ಕಟ್ಟಿನಲ್ಲಿ ಇಷ್ಟು ಬಗೆಯ ನೆಲೆ ಇರುವುದರಿಂದಲೇ ಇಲ್ಲಿ ಹಕ್ಕಿಗಳ ವೈವಿಧ್ಯ ಹೆಚ್ಚು. ಆದರೂ ಬಹುಕಾಲ ಈ ಸೀಮೆಯ ಹಕ್ಕಿಗಳನ್ನು ಯಾರೂ ಕ್ರಮವಾಗಿ ಪಟ್ಟಿ ಮಾಡಲಿಲ್ಲ. ಅದಕ್ಕೆ ಮುಖ್ಯ ಕಾರಣ ಆಡಳಿತದ ಗಡಿಗಳು.

ಟಿಪ್ಪು ಮಡಿದ 1799ರಲ್ಲಿ ಈ ಸೀಮೆಯೂ ಸೇರಿದ್ದ ಕೆನರಾ ಇಂಗ್ಲಿಷರ ಕೈಸೇರಿ ಮದರಾಸು ಪ್ರಾಂತ್ಯದ ಭಾಗವಾಯಿತು. 1862ರಲ್ಲಿ ಉತ್ತರದ ಅರ್ಧ ಬೊಂಬಾಯಿಗೆ ಹೋಯಿತು, ದಕ್ಷಿಣದ ಅರ್ಧ ಮದರಾಸಿನಲ್ಲೇ ಉಳಿಯಿತು. ಬೊಂಬಾಯಿಗೆ ಸೇರಿದ ಭಾಗದ ಭಾಗ್ಯ ಬೇರೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1883ರಲ್ಲಿ ಹುಟ್ಟಿತು, ಮುಂದಿನ ದಶಕದಲ್ಲಿ ಜೇಮ್ಸ್ ಡೇವಿಡ್ಸನ್ ಎಂಬ ಅಧಿಕಾರಿ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಅದರ ಪತ್ರಿಕೆಯಲ್ಲಿ ಬರೆದರು. ಪಕ್ಷಿತಜ್ಞ ಸಲೀಂ ಅಲಿ 1933ರಲ್ಲಿ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳನ್ನು ಸುತ್ತಿದರು. 1939-40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಸಿದರು. ಮೈಸೂರಿನ ಗಡಿ ಘಟ್ಟದ ನೆತ್ತಿಗೆ ನಿಂತಿತ್ತು. ಹೀಗೆ ಉತ್ತರದಲ್ಲಿ, ದಕ್ಷಿಣದಲ್ಲಿ, ಘಟ್ಟದ ಮೇಲೆ ಕೆಲಸ ನಡೆದು, ನಡುವಿನ ಈ ಇಳಿಜಾರು ಮಾತ್ರ ಉಳಿದುಹೋಯಿತು. ಚಾರ್ಮಾಡಿ ಘಾಟಿಯಲ್ಲಿ ಹತ್ತಾರು ತಿರುವು ಏರಿದರೆ ಸಿಗುವ ಹಕ್ಕಿಗೆ ದಾಖಲೆ ಇದ್ದು, ಅದೇ ಹಕ್ಕಿ ಕೆಳಗಿಳಿದಾಗ ಇಲ್ಲದ್ದು ಈ ಗಡಿಗಳಿಂದಾಗಿಯೇ.

ಅದಕ್ಕೂ ಮೊದಲು ಇಲ್ಲಿನ ಹಲವು ಹಕ್ಕಿಗಳಿಗೆ ಶಾಸ್ತ್ರೀಯ ಹೆಸರು ಕೊಟ್ಟವನು ಥಾಮಸ್ ಜೆರ್ಡನ್. ಮದರಾಸು ಸೇನೆಯ ವೈದ್ಯನಾಗಿದ್ದು, ಕೆಲಕಾಲ ತಲಶ್ಶೇರಿಯಲ್ಲೂ ಇದ್ದವನು. ಪರ್ಯಾಯದ್ವೀಪದ ಹಕ್ಕಿಗಳ ಪಟ್ಟಿಯನ್ನು 1839ರಿಂದ ಮದರಾಸಿನ ಪತ್ರಿಕೆಯಲ್ಲಿ ಪ್ರಕಟಿಸತೊಡಗಿದ. ಬೂದುತಲೆಯ ಪಿಕಳಾರವನ್ನೂ ಪಶ್ಚಿಮಘಟ್ಟದ ಕೆಂಗಂದು ಹರಟೆಮಲ್ಲವನ್ನೂ ಮೊದಲು ವರ್ಣಿಸಿದವನು ಅವನೇ. ಎರಡೂ ಈ ಘಟ್ಟಸಾಲು ಬಿಟ್ಟು ಜಗತ್ತಿನ ಬೇರೆಲ್ಲೂ ನೆಲೆಯಿಲ್ಲದವು. ಆ ಕಾಲದ ಪದ್ಧತಿ ಕೊಂದು ತೊಗಲು ತುಂಬಿ, ಅಳತೆ ಹಿಡಿಯುವುದು. ಹಕ್ಕಿಯ ಬದುಕು ಆ ಬರಹಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ.

ಈ ಕಾಡುಗಳ ಹಕ್ಕಿಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ವಿಕಾಸದ ಅಧ್ಯಯನದಲ್ಲಿ ದೊಡ್ಡದು. ದೊಡ್ಡ ಮಂಗಟ್ಟೆ ಇಲ್ಲಿಯೂ ಇದೆ, ಸಾವಿರಾರು ಕಿಲೋಮೀಟರ್ ಆಚೆ ಅಸ್ಸಾಮಿನಲ್ಲಿ, ಮಲಯದಲ್ಲಿ ಮತ್ತೆ ಸಿಗುತ್ತದೆ. ನಡುವಿನ ಒಣನಾಡಿನಲ್ಲಿ ಇಲ್ಲ. ಸ್ಪೈಡರ್‌ಹಂಟರ್ ಎಂಬ ಉದ್ದಕೊಕ್ಕಿನ ಪುಟ್ಟ ಹಕ್ಕಿಯ ಕತೆಯೂ ಬಹುಮಟ್ಟಿಗೆ ಇದೇ. ಅದು ಸೂರಕ್ಕಿಯ ನೆಂಟ, ಬಾಳೆಯ ಹೂವಿನ ಮಕರಂದಕ್ಕೆ ಎರಗುತ್ತದೆ, ಬಾಳೆಯೆಲೆಯ ಅಡಿಗೇ ಗೂಡು ಹೊಲಿಯುತ್ತದೆ. ಅಡಿಕೆ ತೋಟದ ನಡುವೆ ಬಾಳೆ ಬೆಳೆಯುವ ಊರಿನಲ್ಲಿ ಇದನ್ನು ನೋಡಲು ಕಾಡಿಗೆ ಹೋಗಬೇಕೆಂದಿಲ್ಲ. ಇಂಥ ತುಂಡುತುಂಡಾದ ಹರವಿಗೆ ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1940ರ ದಶಕದಲ್ಲಿ ಒಂದು ವಿವರಣೆ ಕೊಟ್ಟರು. ಹಿಂದೆ ಸಾತ್ಪುರ ಬೆಟ್ಟಗಳು ತೇವದ ಕಾಡಿನಿಂದ ತುಂಬಿದ್ದು, ಪೂರ್ವದ ಜೀವಿಗಳು ಆ ಸೇತುವೆ ಹಿಡಿದು ಪಶ್ಚಿಮಘಟ್ಟಕ್ಕೆ ಬಂದವೆಂಬುದು ಅವರ ವಾದ. ಸಲೀಂ ಅಲಿ 1949ರಲ್ಲಿ ಹಕ್ಕಿಗಳ ಸಾಕ್ಷ್ಯ ಮುಂದಿಟ್ಟು ಅದನ್ನು ಬೆಂಬಲಿಸಿದರು. ಮಳೆ ಹೆಚ್ಚಿದ್ದ ಯುಗದಲ್ಲಿ ಇಡೀ ಪರ್ಯಾಯದ್ವೀಪವೇ ಕಾಡಾಗಿದ್ದು, ಒಣಗಿದಂತೆ ಹಕ್ಕಿಗಳು ಎರಡು ಅಂಚಿಗೆ ಉಳಿದವು ಎನ್ನುವ ವಾದವೂ ಇದೆ. ಒಂದೇ ದಾರಿಯಿಂದ ಎಲ್ಲ ಜಾತಿಗಳೂ ಬಂದಿರಲಾರವು. ಕಪ್ಪೆಬಾಯಿ ಹಕ್ಕಿಯ ಉದಾಹರಣೆ ನೋಡಿ. ಹಗಲೆಲ್ಲ ಒಣ ಎಲೆಯಂತೆ ಕೊಂಬೆಗಂಟಿ ಜೋಡಿಯಾಗಿ ಕೂರುವ ಇದು ಪಶ್ಚಿಮಘಟ್ಟ ಮತ್ತು ಶ್ರೀಲಂಕಾ ಎರಡರಲ್ಲಿ ಮಾತ್ರ ಬದುಕುತ್ತದೆ, ನೆಂಟರೆಲ್ಲ ಪೂರ್ವದ ನಾಡುಗಳಲ್ಲಿದ್ದಾರೆ.

ತೊಗಲಿನ ಬಣ್ಣ ನೋಡಿ ಕಟ್ಟಿದ ವಂಶಾವಳಿಯನ್ನು ಡಿಎನ್‌ಎ ತಿದ್ದಿದ್ದು ಇತ್ತೀಚಿನ ಕತೆ. ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು 2015ರಲ್ಲಿ ಪಶ್ಚಿಮಘಟ್ಟದ ಬೆಟ್ಟದ ಹಕ್ಕಿಗಳ 23 ಜಾತಿಗಳಿಂದ 356 ಹಕ್ಕಿಗಳ ಮಾದರಿ ಪರೀಕ್ಷಿಸಿ ವರದಿ ಮಾಡಿದರು. 10 ಜಾತಿಗಳಲ್ಲಿ ಅತಿ ಹಳೆಯ ಒಡಕು ಘಟ್ಟಸಾಲನ್ನು ಸೀಳುವ ಪಾಲಕ್ಕಾಡಿನ ಕಂಡಿಯ ಎರಡು ಬದಿಗಳ ನಡುವೆ ಕಂಡಿತು. ಶಿಖರಗಳ ಹಕ್ಕಿಗೆ ಬಿಸಿ ಕಣಿವೆ ಕಡಲಿನಂತೆ, ದಾಟಲಾರದು. ಬೇರೆಯಾಗಿ ಉಳಿದ ಗುಂಪು ಕಾಲಾಂತರದಲ್ಲಿ ಬೇರೆಯೇ ಜಾತಿಯಾಗುತ್ತದೆ. 2017ರಲ್ಲಿ ಇದೇ ತಂಡ ಶೋಲೆಯ ಹಕ್ಕಿಗಳಿಗಾಗಿ ಶೋಲಿಕೋಲಾ, ಮೊಂಟೆಸಿಂಕ್ಲಾ ಎಂಬ ಎರಡು ಹೊಸ ಕುಲಗಳನ್ನೇ ಸ್ಥಾಪಿಸಿತು. ಶೋಲಿಕೋಲಾದ ಉತ್ತರದ ಜಾತಿ ಬಾಬಾಬುಡನ್‌ಗಿರಿಯವರೆಗೆ ಸಿಗುತ್ತದೆ, ಅಂದರೆ ನಮ್ಮ ಘಟ್ಟದ ನೆತ್ತಿಯ ಹಿಂದೆಯೇ. ನಮ್ಮೂರ ಕುಟ್ರುಹಕ್ಕಿಗೂ ಇಂಥ ಬದಲಾವಣೆ ತಟ್ಟಿತು: ಮೆಗಲೈಮಾ ಎಂಬ ಕುಲನಾಮ ಹೋಗಿ ಸಿಲೋಪೋಗನ್ ಬಂತು. ಫೆಬ್ರವರಿ ಬಂದರೆ ಮಾತ್ರ ಅದು ಮೊದಲಿನಂತೆಯೇ ಕುಟ್ರೂ ಕುಟ್ರೂ ಎನ್ನುತ್ತದೆ. ಶಿಖರದ ಹಕ್ಕಿಗಳಿಗೆ ಸಿಕ್ಕಷ್ಟು ಗಮನ ಬುಡದ ಹಕ್ಕಿಗಳಿಗೂ ಸಿಗಬೇಕೆಂಬುದು ಈ ಲೇಖಕನ ಅಭಿಪ್ರಾಯ. ಕಣಿವೆ ಎತ್ತರದ ಹಕ್ಕಿಯನ್ನು ತಡೆದರೆ, ತಗ್ಗಿನ ಕಾಡಿನ ಹಕ್ಕಿಯನ್ನು ಏನು ತಡೆಯುತ್ತದೆ ಎಂದು ಕೇಳಲು ಬೆಳ್ತಂಗಡಿಗಿಂತ ಒಳ್ಳೆಯ ಜಾಗ ಸಿಗದು.

ಊರಿನವರದೇ ಕೆಲಸ ಶುರುವಾದದ್ದು ಕಾಲೇಜುಗಳ ಅಂಗಳದಲ್ಲಿ. ಮೂಡುಬಿದಿರೆಗೆ ಹತ್ತಿರದ ಕಾರ್ಕಳದ ಭುವನೇಂದ್ರ ಕಾಲೇಜಿನಲ್ಲಿ ನೇಚರ್ ಕ್ಲಬ್ ಕಟ್ಟಿಕೊಂಡ ಕೆ. ಪ್ರಭಾಕರ ಆಚಾರ್ ಅವರು ಕೆ. ಗೀತಾ ನಾಯಕ್ ಜೊತೆ 2000ದಲ್ಲಿ ದಕ್ಷಿಣ ಕನ್ನಡದ ಹಕ್ಕಿಗಳ ಕೈಪಿಡಿ ಹೊರತಂದರು. ಸಂಸ್ಥಾನಗಳ ಸಮೀಕ್ಷೆ ಬಿಟ್ಟಿದ್ದ ಜಾಗವನ್ನು ತುಂಬಿದ ಪುಸ್ತಕ ಇದು. ಅದೇ ಕಾರ್ಕಳದಲ್ಲಿ ಹುಟ್ಟಿದ ಎಸ್. ಎ. ಹುಸೇನ್ (1944-2009) ಬೊಂಬಾಯಿ ಸೊಸೈಟಿಯಲ್ಲಿ ಸಲೀಂ ಅಲಿಯವರೊಂದಿಗೆ ದುಡಿದವರು. ಅಂಡಮಾನಿನ ನಾರ್ಕೊಂಡಂ ದ್ವೀಪದ ಮಂಗಟ್ಟೆಯನ್ನು ಅಧ್ಯಯನ ಮಾಡಿದರು, ತಮಿಳುನಾಡಿನ ಕೋಡಿಕ್ಕರೆಯ ವಲಸೆ ಹಕ್ಕಿಗಳ ಕಾರ್ಯದಲ್ಲಿ ತೊಡಗಿದರು. ಕೊನೆಗೆ ಕೊಲ್ಲೂರಿನ ಬಳಿಯ ಮುದೂರಿಗೆ ಬಂದು ನೆಲೆಸಿ ಕಾಡು ನೋಡಲು ಬಂದವರಿಗೆ ಕಲಿಸಿದರು. ದೂರದ ದ್ವೀಪದ ಮಂಗಟ್ಟೆ ಕಂಡವರು ತಮ್ಮ ಊರಿನ ಮಂಗಟ್ಟೆಯ ಕಾಡಿಗೇ ಮರಳಿದ್ದು ಮನಸ್ಸಿಗೆ ತಟ್ಟುತ್ತದೆ.

ಹೆಸರುಗಳ ಮಾತೂ ಇದೇ ಇತಿಹಾಸದ ಭಾಗ. ತುಳುವಿನಲ್ಲಿ ಹಕ್ಕಿ ಅಂದರೆ ಪಕ್ಕಿ, ಕಾಗೆ ಕಕ್ಕೆ, ಕೆಂಬೂತ ಕುಪ್ಪುಳು, ಬೆಳ್ಳಕ್ಕಿ ಕೊರುಂಗು. ಕಾಡಿನ ಅಪರೂಪದ ಹಕ್ಕಿಗಳಿಗೆ ಹೊಂದುವ ಕನ್ನಡ ಹೆಸರು ಜನರ ಬಾಯಿಗೆ ಬಂದುದರಲ್ಲಿ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರ ಪಾಲು ದೊಡ್ಡದು. ಅವರಿದ್ದ ಮೂಡಿಗೆರೆ ಚಾರ್ಮಾಡಿ ಹತ್ತಿದೊಡನೆ ಸಿಗುವ ಊರು, ಅವರು ಬರೆದದ್ದು ಕೆಳಗಿನ ಶಾಲೆಗಳಲ್ಲೂ ಓದಿಸಿಕೊಂಡಿತು.

ಈಗ ದಾಖಲೆ ಇಡುವುದು ಮೊಬೈಲಿನಲ್ಲಿ. 2013ರಿಂದ ಭಾರತದಲ್ಲೂ ನಡೆಯುತ್ತಿರುವ ಫೆಬ್ರವರಿಯ ಹಕ್ಕಿಗಣತಿಯಲ್ಲಿ ಶಾಲೆ ಮಕ್ಕಳೂ ಕಾಲು ಗಂಟೆ ನಿಂತು ಎಣಿಸಿ ಪಟ್ಟಿ ಕಳುಹಿಸಬಹುದು. ಬಹುಕಾಲ ಪಟ್ಟಿಯೇ ಇಲ್ಲದ ಸೀಮೆಗೆ ಇದು ಸಣ್ಣ ವಿಷಯವಲ್ಲ. ಮೊದಲು ಎಣಿಸಬೇಕಾದದ್ದು ಪದವಿನಲ್ಲಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಸುಮಾರು 600 ಚದರ ಕಿಲೋಮೀಟರ್ ಕಾಡಿಗೆ ಕಾನೂನಿನ ಕಾವಲಿದೆ, ಪದವಿಗೆ ಅಂಥದ್ದಿಲ್ಲ. ಮಳೆ ಬಿದ್ದ ಮೇಲೆ ಹೂವಿನಿಂದ ತುಂಬುವ ಈ ಮುರಕಲ್ಲಿನ ಬಯಲನ್ನು ಬಂಜರೆಂದು ಬಗೆದು ಕಲ್ಲಿನ ಕ್ವಾರಿಗೆ, ಲೇಔಟಿಗೆ ಬಿಟ್ಟುಕೊಡುತ್ತಾರೆ. ಟಿಟ್ಟಿಭ ಅಲ್ಲಿ ಬರಿಯ ನೆಲದ ಮೇಲೆ, ಉರುಟು ಕಲ್ಲುಗಳ ನಡುವೆಯೇ ಮೊಟ್ಟೆಯಿಡುತ್ತದೆ. ಪಕ್ಕದಲ್ಲೇ ಮಲಬಾರ್ ನೆಲಗುಬ್ಬಿ ಒಂದು ಹುಲ್ಲಿನ ಬುಡದಲ್ಲಿ ಬಟ್ಟಲಿನಂತೆ ಗೂಡು ಕಟ್ಟುತ್ತದೆ, ಸಮೀಪಕ್ಕೆ ಹೋಗುವವರೆಗೆ ಕಾಣಿಸದು.