ಜೋಗಿ ಕುಣಿದದ್ದು ಯಾರ ಮುಂದೆ?

'ಜೋಗಿ'ಯನ್ನ ನಾನು ಮೊದಲು ನೋಡಿದ್ದು ಥಿಯೇಟರಿನಲ್ಲಲ್ಲ. ನಮ್ಮೂರು ಬಾಳೆಹೊಸೂರಿನಲ್ಲಿ ಗಣಪತಿ ಹಬ್ಬಕ್ಕೆ ಬಾಡಿಗೆ ಟೀವಿ, ಸೀಡಿ ಪ್ಲೇಯರ್ ತಂದು ಓಣಿಯಲ್ಲಿ ರಾತ್ರಿಯಿಡೀ ಸಿನಿಮಾ ಹಾಕುತ್ತಿದ್ದರಲ್ಲ, ಹಾಗೆ. ಆಗ ನನಗೆ ಎಂಟೋ ಒಂಬತ್ತೋ. ಲಾಂಗು ಬೀಸಿದಾಗಲೆಲ್ಲ ನಾವು ಹುಡುಗರು ಸಿಳ್ಳೆ ಹೊಡೆದೆವು. ಕೊನೆಗೆ ಶಿವಣ್ಣ ಹೆಣದ ಮುಂದೆ ಕುಣಿಯತೊಡಗಿದಾಗ ಮಾತ್ರ ಹಿಂದೆ ಕೂತಿದ್ದ ಹೆಂಗಸರು ಟೀವಿಗೇ ಕೂಗಿ ಹೇಳಿದರು: "ಏ ತಮ್ಮಾ, ಆಕಿ ನಿಮ್ಮವ್ವ ಅದಾಳೋ, ನೋಡೋ!"

ಮೊನ್ನೆ ಮತ್ತೆ ನೋಡಿದೆ. ಆ ದೃಶ್ಯಕ್ಕೆ ಆ ಕೂಗಿಗಿಂತ ಒಳ್ಳೆ ವಿಮರ್ಶೆ ನನಗೆ ಸಿಗಲಿಲ್ಲ.

ಸ್ವಲ್ಪ ಹಿಂದೆ ಹೋಗೋಣ. 1986ರಲ್ಲಿ ಕೊತ್ವಾಲ ರಾಮಚಂದ್ರ, 1989ರಲ್ಲಿ ಜಯರಾಜ್ ಕೊಲೆಯಾದರು. ಬೆಂಗಳೂರಿನ ಭೂಗತಲೋಕದ ಕಥೆಗಳು ಜನರ ಬಾಯಲ್ಲಿದ್ದ ಕಾಲ. 1995ರಲ್ಲಿ ಉಪೇಂದ್ರ 'ಓಂ' ಮಾಡುವಾಗ ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಅಲ್ಲೂ ನಾಯಕ ಶಿವರಾಜ್‌ಕುಮಾರೇ. ಆದರೆ ಅಲ್ಲಿ ಮೊದಲು ಕಾಣೋದು ರೌಡಿ. ಅವನು ಅರ್ಚಕರ ಮಗ ಅನ್ನೋದು ಆಮೇಲೆ ಫ್ಲ್ಯಾಶ್‌ಬ್ಯಾಕಿನಲ್ಲಿ ತೆರೆದುಕೊಳ್ಳುತ್ತೆ. ಅಂದರೆ ಅವನಿಗೆ ಗೊತ್ತಿರೋದು ನಮಗೆ ಗೊತ್ತಿರಲ್ಲ. 2005ರಲ್ಲಿ 'ಜೋಗಿ' ಮಾಡಿದ ಪ್ರೇಮ್ ಇದನ್ನ ಪೂರ್ತಿ ತಿರುಗಿಸಿಬಿಟ್ಟರು. ಇಲ್ಲಿ ನಮಗೆ ಎಲ್ಲಾ ಗೊತ್ತು, ಅವನಿಗೊಬ್ಬನಿಗೇ ಗೊತ್ತಿಲ್ಲ.

ಇದಕ್ಕೆ ಅವರು ಹೂಡಿದ್ದು ಬರೀ ಹೆಸರಿನ ಆಟ. ಊರಲ್ಲಿ ಅವನು ಮಾದೇಶ, ಬೆಂಗಳೂರಲ್ಲಿ ಜೋಗಿ. ತಾಯಿ (ಅರುಂಧತಿ ನಾಗ್) ಹುಡುಕೋದು ಮಾದೇಶನನ್ನ. ಮಾದೇಶ ಅನ್ನೋನು ಆ ಊರಲ್ಲಿ ಇಲ್ವೇ ಇಲ್ಲ! ಎಷ್ಟು ಸಲ ಇಬ್ಬರೂ ಕೈಯಳತೆಯಲ್ಲಿ ತಪ್ಪಿಹೋಗ್ತಾರೆ ನೋಡಿ. ನಿಜ ಹೇಳಬೇಕಂದ್ರೆ ಅದು ಒಂದೆರಡು ಸಲ ಜಾಸ್ತೀನೇ ಆಯ್ತು, ನಡುವೆ ನನಗೆ ಬೋರೂ ಹೊಡೀತು. ಆದರೆ ಆ ಬಡ್ಡಿಯೆಲ್ಲ ಸೇರಿ ವಸೂಲಾಗೋದು ಮೆರವಣಿಗೆಯಲ್ಲಿ.

ಅಲ್ಲಿ ತಮಟೆ ಇದೆ, ಶಿವಣ್ಣನ ಡ್ಯಾನ್ಸ್ ಇದೆ. ಅಭಿಮಾನಿಗಳು ಇಪ್ಪತ್ತು ವರ್ಷದಿಂದ ಸಿಳ್ಳೆ ಹೊಡೆದು, ಚಿಲ್ಲರೆ ಎಸೆದು ಸ್ವಾಗತಿಸಿದ ಅದೇ ಕುಣಿತ. ಕಾಲು ತಾಳ ಹಾಕೋಕೆ ಹೋಗುತ್ತೆ, ಆದರೆ ಹೊತ್ತಿರೋದು ಯಾರ ಹೆಣ ಅಂತ ನಮಗೆ ಗೊತ್ತು. ಯಾರೋ ಪಾಪ ಅನಾಥರು ಅಂತ ಅವನು ಮರ್ಯಾದೆಯಿಂದಲೇ ಕುಣೀತಿದ್ದಾನೆ. ಅವನು ಜೋರಾಗಿ ಕುಣಿದಷ್ಟೂ ನಮ್ಮ ಗಂಟಲು ಕಟ್ಟುತ್ತೆ. ದುಃಖದ ಪಿಟೀಲು ಹಾಕಿದ್ದರೆ ನಾವು ಎರಡು ಹನಿ ಅತ್ತು ಹಗುರಾಗ್ತಿದ್ವಿ. ತಮಟೆ ಆ ಅವಕಾಶ ಕೊಡಲ್ಲ. ನಮ್ಮ ಕಡೆ ಹೆಣದ ಮುಂದೆ ಹಲಗಿ, ಭಜನಿ ಇರುತ್ತವಲ್ಲ, ಹಾಗಾಗಿ ನಮ್ಮೋಣಿಯವರಿಗೆ ಅದು ಬೆಂಗಳೂರಿನ ಕಥೆ ಅನ್ನಿಸಲೇ ಇಲ್ಲ.

ಇಷ್ಟೆಲ್ಲ ಯಾಕೆ ನೆನಪಾಯ್ತು ಅಂದ್ರೆ, ಹೋದ ತಿಂಗಳು ಅವ್ವ ಹೇಳದೇ ಕೇಳದೇ ಬೆಂಗಳೂರಿಗೆ ಬಂದಿದ್ದಳು. ನಾನು ಮನೆಯಿಂದಲೇ ಕೆಲಸ ಮಾಡ್ತಾ ಮೀಟಿಂಗಿನಲ್ಲಿದ್ದೆ, ಫೋನು ಸೈಲೆಂಟು. ಆಫೀಸಿನಲ್ಲಿ ನಾನು ರಾಜ್, ಅಪಾರ್ಟ್‌ಮೆಂಟಿನಲ್ಲಿ ಬರೀ 402. ಅವ್ವ ಗೇಟಿನಲ್ಲಿ ಕೇಳಿದ್ದು "ನಮ್ಮ ಬಸ್ಯಾ". ಆ ಹೆಸರಿನವರು ಯಾರೂ ಇಲ್ಲ ಅಂದುಬಿಟ್ಟರಂತೆ. ನಾನು ಇಪ್ಪತ್ತಮೂರು ಮಿಸ್ಡ್ ಕಾಲ್ ನೋಡಿ ಕೆಳಗೆ ಓಡಿದಾಗ, ರೊಟ್ಟಿ ಗಂಟು ಮಡಿಲಲ್ಲಿಟ್ಟುಕೊಂಡು ಕಟ್ಟೆ ಮೇಲೆ ಕೂತಿದ್ದಳು.

"ಬಸ್ಯಾ ಅಂದ್ರ ಯಾರಿಗೂ ಗೊತ್ತಿಲ್ಲಲ್ಲೋ ಇಲ್ಲೆ" ಅಂದಳು.

ಅವತ್ತೇ ಗೇಟಿನ ರಿಜಿಸ್ಟರಿನಲ್ಲಿ 402ರ ಪಕ್ಕ 'ಬಸ್ಯಾ' ಅಂತ ಬರೆಸಿದೆ. ವಾಚ್‌ಮನ್ ಎರಡು ಸಲ ಕೇಳಿ ಬರೆದುಕೊಂಡ :)