ಕೆರೆ ಹೋಯಿತು, ಕರಗ ಉಳಿಯಿತು

ಚೈತ್ರ ಪೂರ್ಣಿಮೆಯ ನಡುರಾತ್ರಿ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಹೊತ್ತವನು ಗಂಡಸು, ಆದರೆ ಮೈಮೇಲೆ ಸೀರೆ, ಕೈಗೆ ಬಳೆ, ತಲೆಯ ಮೇಲೆ ಮಲ್ಲಿಗೆಯ ಗೋಪುರ. ಸುತ್ತ ಕತ್ತಿ ಹಿಡಿದ ವೀರಕುಮಾರರು. ದಾರಿಯಲ್ಲಿ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಯೇ ಮುಂದೆ ಸಾಗಬೇಕು. ಊರಿಗೂ ದೇವರಿಗೂ ಇರುವ ಈ ನಂಟನ್ನು ಓದುವ ಬಗೆ ವಿದ್ವಾಂಸರಿಗೆ ಒಲಿದದ್ದು ತಡವಾಗಿ.

1864ರಲ್ಲಿ ಫ್ರಾನ್ಸಿನ ಫ್ಯೂಸ್ಟೆಲ್ ದ ಕುಲಾಂಜ್, ಪ್ರಾಚೀನ ಗ್ರೀಸ್ ಮತ್ತು ರೋಮ್‌ಗಳಲ್ಲಿ ನಗರ ಹುಟ್ಟಿದ್ದೇ ಮನೆಯ ಅಗ್ನಿ ಮತ್ತು ಪಿತೃಪೂಜೆಯ ಬುಡದಿಂದ ಎಂದು ವಾದಿಸಿದ್ದ. ಆಮೇಲಿನವರು ಆ ಎಳೆಯನ್ನು ಕೈಬಿಟ್ಟರು. ಪೇಟೆ ಬೆಳೆದಷ್ಟೂ ದೇವರು ಸೊರಗುತ್ತಾನೆ ಎಂಬ ನಂಬಿಕೆ ಬಲವಾಯಿತು. 1965ರಲ್ಲಿ ಹಾರ್ವಿ ಕಾಕ್ಸ್ ಬರೆದ ‘ದಿ ಸೆಕ್ಯುಲರ್ ಸಿಟಿ’ ಈ ಬದಲಾವಣೆಗೆ ಕ್ರೈಸ್ತರು ಅಂಜಬೇಕಿಲ್ಲ ಎಂದಿತು.

ಬೀದಿಗಿಳಿದು ನೋಡಿದವರಿಗೆ ಕಂಡದ್ದೇ ಬೇರೆ. ಮಿಲ್ಟನ್ ಸಿಂಗರ್ 1972ರ ಪುಸ್ತಕದಲ್ಲಿ ಮದ್ರಾಸಿನ ಉದ್ಯಮಿಗಳನ್ನು ಚಿತ್ರಿಸಿದ: ಕಾರ್ಖಾನೆಯಲ್ಲಿ ಒಂದು ನಡವಳಿಕೆ, ಮನೆಯಲ್ಲಿ ಇನ್ನೊಂದು, ಎರಡಕ್ಕೂ ಜಗಳವಿಲ್ಲ. ರಾಬರ್ಟ್ ಆರ್ಸಿ 1985ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ಗೆ ವಲಸೆ ಬಂದ ಇಟಲಿಯವರ ಮೇರಿಯಮ್ಮನ ಹಬ್ಬವನ್ನು ಅವರ ಮನೆ, ಬೀದಿ, ದುಃಖಗಳ ಸಮೇತ ಬರೆದ. ನನ್ನ ಲೆಕ್ಕದಲ್ಲಿ ಊರು-ದೇವರ ನಂಟಿನ ಅಧ್ಯಯನ ಕಣ್ಣು ಬಿಟ್ಟದ್ದು ಅಲ್ಲಿಂದ.

ನಮ್ಮ ಪಾಲಿಗೆ ಅತಿ ಮುಖ್ಯವಾದದ್ದು ಸ್ಮೃತಿ ಶ್ರೀನಿವಾಸ್ 2001ರಲ್ಲಿ ಪ್ರಕಟಿಸಿದ ಕರಗದ ಅಧ್ಯಯನ. ಕರಗ ನಡೆಸುವ ತಿಗಳರು ತೋಟಗಾರರು; ಕೆರೆಯ ನೀರು ಅವರ ಬದುಕಾಗಿತ್ತು. ಸಂಪಂಗಿ ಕೆರೆಯ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ, ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ತೋಟ ಹೋಯಿತು, ಕೆರೆ ಹೋಯಿತು, ಕರಗ ಮಾತ್ರ ಉಳಿಯಿತು. ಊರು ಮರೆತ ನೀರಿನ ನಕ್ಷೆಯನ್ನು ಆ ಆಚರಣೆ ಕಾಲಿನಿಂದ ನಡೆದು ನೆನಪಿಸುತ್ತದೆ ಎಂಬುದನ್ನು ಈ ಪುಸ್ತಕ ಓದಿದ ಮೇಲೆ ಮರೆಯಲಾಗದು. ಸರ್ಕಾರಿ ದಾಖಲೆಗಳಿಗಿಂತ ಕರಗದ ಈ ನೆನಪನ್ನೇ ನಾನು ಹೆಚ್ಚು ನಂಬುತ್ತೇನೆ.

2018ರ ಪುಸ್ತಕದಲ್ಲಿ ತುಳಸಿ ಶ್ರೀನಿವಾಸ್ ಬೆಂಗಳೂರಿನದೇ ಮಲ್ಲೇಶ್ವರದ ಗುಡಿಗಳತ್ತ ತಿರುಗಿದರು. ಅಪಾರ್ಟ್‌ಮೆಂಟಿನ ಗೃಹಪ್ರವೇಶಕ್ಕೆಂದು ಹಸುವನ್ನು ಲಿಫ್ಟಿನಲ್ಲಿ ಹತ್ತಿಸುವ ಪ್ರಸಂಗ ಅವರ ಪುಸ್ತಕಕ್ಕೆ ಹೆಸರನ್ನೇ ಕೊಟ್ಟಿದೆ. ಶಾಸ್ತ್ರ ಬಿಡಲೊಲ್ಲದ, ಜಾಗವಿಲ್ಲದ ಊರಿನಲ್ಲಿ ಅರ್ಚಕರು ಹೊಸ ದಾರಿ ಹುಡುಕುವುದನ್ನು ಅವರು ಪ್ರೀತಿಯಿಂದ ಗಮನಿಸಿದ್ದಾರೆ.

ಇನ್ನೂ ಬರೆಯಬೇಕಾದದ್ದು ನಮ್ಮ ಕಣ್ಣೆದುರೇ ಇದೆ. ಗಣೇಶನನ್ನು ಬಿಟ್ಟರೆ ಕೆರೆ ಕೆಡುತ್ತದೆಂದು ಯಡಿಯೂರಿನಲ್ಲಿ, ಸ್ಯಾಂಕಿ ಕೆರೆಯಲ್ಲಿ ಪಕ್ಕದಲ್ಲೇ ಬೇರೆ ಕಲ್ಯಾಣಿಗಳಿವೆ. ಚೌತಿಯ ಸಂಜೆ ಅಲ್ಲಿ ಮಕ್ಕಳು ಮೆಟ್ಟಿಲ ಮೇಲೆ ಸಾಲಾಗಿ ನಿಂತಿರುತ್ತಾರೆ, ಅಂಗೈಯಗಲದ ಮಣ್ಣಿನ ಗಣಪನನ್ನು ಎದೆಗೊತ್ತಿಕೊಂಡು.